ರಾತ್ರಿ ಆಟ ಹಿಡಿಯಲು ಎಂಥ ಕ್ಯಾಮ್‌ಕಾರ್ಡರ್?

ಕರಾವಳಿಯ ಹರಕೆ ಬಯಲಾಟಗಳ, ಅಂದರೆ ಹರಕೆಗಾಗಿ ಬಯಲಲ್ಲಿ ಆಡಿಸುವ ಯಕ್ಷಗಾನಗಳ, ವಿಡಿಯೋ ಮಾಡುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಮೊದಲು ಕೇಳುವುದು, "ಎಷ್ಟು ಲಕ್ಸ್‌ನದ್ದು ತಗೊಳ್ಳಲಿ?" ಅಂತ.

ಲಕ್ಸ್ ಅಂದರೆ ಬೆಳಕಿನ ಅಳತೆ; ಕ್ಯಾಮೆರಾ ಎಷ್ಟು ಕಡಿಮೆ ಬೆಳಕಿನಲ್ಲಿ ಚಿತ್ರ ಹಿಡಿಯುತ್ತದೆ ಎಂದು ಹೇಳುವ ಅಂಕಿ. ಡಬ್ಬದ ಮೇಲಿನ ಆ ಅಂಕಿಯನ್ನು ನಂಬಬೇಡಿ. ಎಷ್ಟೋ ಸಲ ಅದನ್ನು 1/25 ಸೆಕೆಂಡಿನಂಥ ನಿಧಾನ ಶಟರ್‌ನಲ್ಲಿ ಅಳೆದಿರುತ್ತಾರೆ. ಆ ಶಟರ್‌ನಲ್ಲಿ ಪುಂಡುವೇಷ (ಚುರುಕಾಗಿ ಕುಣಿಯುವ ಯುವ ವೀರನ ವೇಷ) ದಿಗಿಣ ಹಾರಿದರೆ (ಗಿರಕಿ ಹೊಡೆದು ಜಿಗಿದರೆ) ಉಳಿಯುವುದು ಬಣ್ಣದ ಗೆರೆ ಮಾತ್ರ. ಕುಣಿತಕ್ಕೆ ಕನಿಷ್ಠ 1/50 ಬೇಕು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ 1/60 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಮಿನುಗು ಶುರುವಾಗುತ್ತದೆ.

ಸೆನ್ಸರ್ (ಬೆಳಕು ಹಿಡಿಯುವ ಚಿಪ್) ದೊಡ್ಡದಿದ್ದಷ್ಟೂ ಒಳ್ಳೆಯದು, ನಿಜ. 1 ಇಂಚು ಎನ್ನುವ ಸೆನ್ಸರ್‌ನ ಅಳತೆ 13.2 × 8.8 ಮಿ.ಮೀ. (ಇಂಚು ಎಲ್ಲಿ ಹೋಯಿತೋ!) 1/3 ಇಂಚಿನದು 4.8 × 3.6. ವಿಸ್ತೀರ್ಣ ಆರು ಪಟ್ಟಿಗಿಂತ ಜಾಸ್ತಿ. ಆದರೆ 1 ಇಂಚಿನ ಸೋನಿ ಎಎಕ್ಸ್700ರ ಲೆನ್ಸ್ ಎಫ್2.8ರಿಂದ (ಎಫ್ ಅಂಕಿ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ) ಶುರುವಾಗಿ, ಪೂರ್ತಿ ಝೂಮ್ ಮಾಡಿದಾಗ ಎಫ್4.5ಕ್ಕೆ ಬರುತ್ತದೆ. ಸಣ್ಣ ಸೆನ್ಸರ್‌ನ ಕ್ಯಾನನ್ ಎಕ್ಸ್‌ಎ11 ಎಫ್1.8ರಿಂದ 2.8ರೊಳಗೇ ಇರುತ್ತದೆ. ಹೀಗಾಗಿ ಆರು ಪಟ್ಟಿನ ಲಾಭ ಎರಡೂವರೆ ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಆದರೂ ನನ್ನ ಓಟು 1 ಇಂಚಿಗೇ. ಆದರೆ ಸ್ಟ್ಯಾಂಡನ್ನು ಜನರ ಹಿಂದೆ ಇಟ್ಟು ದೂರದಿಂದ ಝೂಮ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಸುಮ್ನೆ ಹೋಗುತ್ತದೆ. ಆಟ ಆಡಿಸುವ ಮನೆಯವರ ಹತ್ತಿರ ಮೊದಲೇ ಮಾತಾಡಿ, ರಂಗಸ್ಥಳದ ಹತ್ತಿರ ಒಂದು ಬದಿಯಲ್ಲಿ ಜಾಗ ಕೇಳಿ.

ಕತ್ತಲೆಗಿಂತ ಕಷ್ಟ ಅಂದ್ರೆ ಕತ್ತಲೆ-ಬೆಳಕಿನ ಅಂತರ. ವೇಷದ ಹಿಂದೆ ಕಪ್ಪು, ತಲೆ ಮೇಲೆ ಫಳಫಳ ಕಿರೀಟ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕತ್ತಲೆಯನ್ನೇ ಬೆಳಗಿಸಲು ಹೊರಡುತ್ತದೆ, ಮುಖ ಸುಣ್ಣದ ಗೋಡೆಯಾಗುತ್ತದೆ. ಮಹಿಷಾಸುರ ಜನರ ಮಧ್ಯದಿಂದ ದೊಂದಿ ಹಿಡಿದು ಬರುವಾಗ ಇನ್ನೂ ಕಷ್ಟ. ರಾಳದ ಪುಡಿ ಭಗ್ ಎಂದಾಗ ಆಟೋ ಐರಿಸ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಮುಚ್ಚುತ್ತದೆ, ಬೆಂಕಿ ಆರಿದ ಮೇಲೆ ವೇಷ ಕಾಣಲು ಒಂದು ಗಳಿಗೆ ಬೇಕು. ಆ ಒಂದು ಗಳಿಗೆಗೇ ಅಲ್ವಾ ಜನ ನಿದ್ದೆಗೆಟ್ಟು ಕಾಯುವುದು? ನಾನು ಪ್ರವೇಶಕ್ಕೆ ಮುಂಚೆ ಫೋಕಸ್, ಐರಿಸ್ ಎರಡನ್ನೂ ಮ್ಯಾನುವಲ್ ಮಾಡಿ, ಜ್ವಾಲೆ ಬೆಳ್ಳಗಾದರೂ ಪರವಾಗಿಲ್ಲ ಎಂದು ಮುಖಕ್ಕೆ ಸರಿಯಾಗಿ ಇಡುತ್ತೇನೆ. ಅದಕ್ಕೇ ಲೆನ್ಸ್ ಸುತ್ತ ಕೈಗೆ ಸಿಗುವ ರಿಂಗ್, ಝೀಬ್ರಾ ಗೆರೆ (ಬೆಳಕು ಹೆಚ್ಚಾದ ಕಡೆ ಪರದೆಯಲ್ಲಿ ಮೂಡುವ ಪಟ್ಟೆ), ಗೇನ್ ಮಿತಿ (ಗೇನ್ ಅಂದರೆ ಕ್ಯಾಮೆರಾ ತಾನೇ ಏರಿಸುವ ಹೊಳಪು) ಇರುವ ಕ್ಯಾಮೆರಾ ಬೇಕು. ಟಚ್ ಸ್ಕ್ರೀನಿನ ಮೆನುವಿನೊಳಗೆ ಐರಿಸ್ ಹುಡುಕುತ್ತಾ ಕೂತರೆ ಅಷ್ಟರಲ್ಲಿ ಮಹಿಷಾಸುರ ರಂಗಸ್ಥಳ ಏರಿರುತ್ತಾನೆ.

ಅಂಗಡಿಯಲ್ಲಿ ದೀಪ ಆರಿಸಲು ಹೇಳಿ. ಝೂಮ್ ಪೂರ್ತಿ ಎಳೆದು, ಗೇನ್ 12 ಡಿಬಿ ಇಟ್ಟು, ಮೂಲೆಯಲ್ಲಿರುವ ಕಪ್ಪು ಬ್ಯಾಗನ್ನು ರೆಕಾರ್ಡ್ ಮಾಡಿ. ಪ್ರತಿ 6 ಡಿಬಿಗೆ ಎಫ್‌ನಲ್ಲಿ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕಿನ ಲೆಕ್ಕ. ಕಾಳು (ಚಿತ್ರದಲ್ಲಿ ಮೂಡುವ ಸಣ್ಣ ಸಣ್ಣ ಚುಕ್ಕೆ) ಎಲ್ಲಿಂದ ಶುರುವಾಗುತ್ತದೆ ಎಂದು ಮನೆಯ ಟಿವಿಯಲ್ಲಿ ಹಾಕಿ ನೋಡಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದವೇ ಕಾಣುತ್ತದೆ.