ಗೋವಿನಜೋಳಕ್ಕೆ ಕತ್ತರಿ ಯಾವಾಗ?

"ವೈನಿ, ನಿಮ್ಮ ಗೋವಿನಜೋಳಕ್ಕೆ ಪ್ರೂನಿಂಗ್ ಯಾವಾಗ ಮಾಡ್ತೀರಿ?"

ಪುಣೆಯ ಕೋಥರೂಡಿನ ಅರಿಶಿನ-ಕುಂಕುಮದಲ್ಲಿ ಕೇಳಿದ್ದಾರೆ. ಸಿಂಹಗಡದ ಮೇಲೆ, ಸುಟ್ಟ ತೆನೆ ಕಡಿಯುತ್ತಲೇ ಕೇಳಿದ್ದಾರೆ. ಇಲ್ಲೇ ಪುಣೆ ಜಿಲ್ಲೆಯ ಶಿರೂರಿನ ಕಡೆ ನಮಗೆ ಒಂದೂವರೆ ಎಕರೆ ಇದೆ ಅಂತ ಗೊತ್ತಾದ ದಿನದಿಂದ ಪುಣೆಯ ಅರ್ಧ ಕನ್ನಡಿಗರು ಕೇಳಿದ್ದಾರೆ. ಮೆಕ್ಕೆಜೋಳ ಅನ್ನಿ, ಇಲ್ಲಿಯವರ ಹಾಗೆ ಮಕಾ ಅನ್ನಿ, ಉತ್ತರ ಒಂದೇ. ಮಾಡುವುದಿಲ್ಲ. ಇನ್ನು ಯಾರಾದರೂ ಕೇಳಿದರೆ ಸುಮ್ನೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಉರಿಯುವುದು ಆ "ಯಾವಾಗ" ಅನ್ನುವ ಮಾತಿಗೆ. ಮಾಡಬೇಕೋ ಬೇಡವೋ ಅಂತ ಯಾರೂ ಕೇಳುವುದಿಲ್ಲ. ಅದು ಆಗಲೇ ತೀರ್ಮಾನವಾಗಿದೆ, ನಾನು ತಾರೀಖು ಹೇಳಬೇಕು ಅಷ್ಟೇ. ಬಿಳಿಜೋಳದ ಹೊಲ ನೋಡಿ ಯಾರಾದರೂ ಹೀಗೆ ಕೇಳುತ್ತಾರಾ? ಕಬ್ಬಿಗೆ? ಇದೂ ಅದೇ ಹುಲ್ಲಿನ ಕುಲ. ಗುಲಾಬಿಯ ತುದಿ ಚಿವುಟಿದರೆ ಪಕ್ಕದಿಂದ ನಾಲ್ಕು ಕುಡಿ ಬರುತ್ತವೆ. ಇದಕ್ಕೆ ಇರುವುದು ಒಂದೇ ಸುಳಿ. ಮೊದಲ ಐದಾರು ಎಲೆ ಬರುವವರೆಗೆ ಬೆಳೆಯುವ ತುದಿ ಮಣ್ಣಿನೊಳಗೇ ಇರುತ್ತದೆ, ಆಗ ದನ ಬಾಯಿ ಹಾಕಿದರೂ ಮತ್ತೆ ಚಿಗುರೀತು. ಆಮೇಲೆ ಅದು ಮೇಲೇರುತ್ತದೆ. ಅದನ್ನು ಕತ್ತರಿಸಿದರೆ ಸೂಲಂಗಿ, ಅಂದರೆ ತುದಿಯ ಗಂಡು ಹೂ, ಹೋಯಿತು. ಮೇಲಿನ ಎಲೆಗಳೂ ಹೋದವು. ಕಾಳು ತುಂಬಿಸುವುದು ಮುಖ್ಯವಾಗಿ ತೆನೆಯ ಹತ್ತಿರದ ಮತ್ತು ಅದರ ಮೇಲಿನ ಎಲೆಗಳೇ.

ಇದನ್ನು ನನ್ನ ಮೈದುನ ಮಾಡಿ ತೋರಿಸಿದ್ದಾನೆ. ಹಿಂಜವಡಿಯಲ್ಲಿ ಕೆಲಸ, ಟೆರೇಸಿನಲ್ಲಿ ಟೊಮ್ಯಾಟೊ. ಆಗಸ್ಟಿನ ಒಂದು ಭಾನುವಾರ ಹೊಸ ಕತ್ತರಿ ಹಿಡಿದು ಹೊಲಕ್ಕೆ ಬಂದ. ನಾನು ಶೆಡ್ಡಿನಲ್ಲಿ ಚಹಾ ಸೋಸಿ ಬರುವಷ್ಟರಲ್ಲಿ ಎದೆಯೆತ್ತರದ ಎರಡು ಸಾಲಿಗೆ ಹಜಾಮತಿ ಆಗಿತ್ತು. "ವೈನಿ, ಎಲೆ ತೂತಾಗಿದ್ವು, ತೆಗೆದುಬಿಟ್ಟೆ," ಅಂದ, ಖುಷಿಯಿಂದ. ತೂತು ಮಾಡಿದ್ದು ಸೈನಿಕ ಹುಳು, ಅದೇ ಫಾಲ್ ಆರ್ಮಿವರ್ಮ್. 2018ರಲ್ಲಿ ನಮ್ಮ ಕರ್ನಾಟಕದಲ್ಲೇ ಮೊದಲು ಕಂಡು ಆಮೇಲೆ ದೇಶಕ್ಕೆಲ್ಲ ಹರಡಿತು. ಅದು ಕೂರುವುದು ಸುಳಿಯೊಳಗೆ, ಔಷಧಿಯೂ ಅಲ್ಲೇ ಬೀಳಬೇಕು. ಸುಳಿಯನ್ನೇ ತೆಗೆದರೆ ಹುಳು ಹೋಗುತ್ತದೆ ನಿಜ, ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ.

ಪಕ್ಕದ ಸಾಲುಗಳ ಸೂಲಂಗಿಯ ಹುಡಿ, ಅಂದರೆ ಪರಾಗ, ಬಿದ್ದು ಆ ಗಿಡಗಳಲ್ಲೂ ಕಾಳು ಕಟ್ಟಿತು. ತೆನೆ ಮಾತ್ರ ಅರ್ಧ ಗೇಣು. ಎಲ್ಲವನ್ನೂ ಚೀಲಕ್ಕೆ ಹಾಕಿ ಅವನಿಗೇ ಕಳಿಸಿದೆ. ಕತ್ತರಿ ನಾನಿಟ್ಟುಕೊಂಡೆ, ಕರಿಬೇವಿಗೆ ಚೆನ್ನಾಗಿದೆ.

"ಹಂಗಾದ್ರ ಊರಾಗ ತುದಿ ಕೀಳ್ತಾರಲ್ಲ?" ಅಂತ ರಾಣೆಬೆನ್ನೂರಿನ ಕಡೆಯವರು ಬರುತ್ತಾರೆ, ಗೊತ್ತು. ಅದು ಬೀಜದ ಪ್ಲಾಟು. ಹೆಣ್ಣು ಸಾಲಿನ ಸೂಲಂಗಿಯನ್ನು ಹುಡಿ ಉದುರುವ ಮೊದಲೇ ಎಳೆದು ತೆಗೆಯುತ್ತಾರೆ, ಗಂಡು ಸಾಲಿನ ಹುಡಿಯೇ ಬೀಳಲಿ ಅಂತ. ಬೇಬಿ ಕಾರ್ನಿಗೂ ತೆಗೆಯುತ್ತಾರೆ, ಅಲ್ಲಿ ಕಾಳೇ ಬೇಡ. ಕಾಳು ಪೂರ್ತಿ ಬಲಿತ ಮೇಲೆ ತೆನೆಯ ಮೇಲಿನ ಭಾಗ ಕೊಯ್ದು ದನಕ್ಕೆ ಹಾಕಿದರೂ ನಷ್ಟವಿಲ್ಲ. ಬುಡದಲ್ಲಿ ಮರಿ ಕುಡಿ ಒಡೆದಿದ್ದರೆ ಇರಲಿ ಬಿಡಿ. ನಮ್ಮ ಪಕ್ಕದ ಹೊಲದವರು ಮುರಘಾಸಕ್ಕೆ, ಅಂದರೆ ರಸಮೇವಿಗೆ, ಹಸಿರಿರುವಾಗಲೇ ಇಡೀ ಗಿಡವನ್ನು ಬುಡದಿಂದ ಕೊಯ್ಯುತ್ತಾರೆ. ಪ್ರೂನಿಂಗ್ ಬೇಕೇ ಬೇಕು ಅನ್ನುವವರು ಅದನ್ನು ನೋಡಿ ಬರಬಹುದು.

ಇಷ್ಟು ಕೇಳುವವರು ಒಂದು ಸಲವಾದರೂ "ನಮ್ಮ ಟೆರೇಸಿನ ತೆನೆ ಯಾಕೆ ಹಲ್ಲುದುರಿದ ಬಾಯಿ ಥರ ಇರುತ್ತೆ?" ಅಂತ ಕೇಳಬಾರದಾ? ಅದಕ್ಕಾದರೆ ಒಂದು ಗಂಟೆ ಕೂತು ಹೇಳುತ್ತಿದ್ದೆ. ತೆನೆಯ ಒಂದೊಂದು ಕೂದಲು ಒಂದೊಂದು ಕಾಳಿನದು. ಕೂದಲಿಗೆ ಹುಡಿ ಬೀಳದಿದ್ದರೆ ಆ ಜಾಗ ಖಾಲಿ. ಹುಡಿ ತರುವುದು ಗಾಳಿ. ನೀವೋ ಗ್ಯಾಲರಿಯ ಉದ್ದಕ್ಕೂ ಒಂದೇ ಸಾಲಾಗಿ ಆರು ಕುಂಡ ಇಡುತ್ತೀರಿ. ಹುಡಿಯೆಲ್ಲ ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ! ಮೂರು ಮೂರರಂತೆ ಗುಂಪಾಗಿ ಇಡಿ. ಕೂದಲು ಹೊರಬಂದಾಗ ಬೆಳಿಗ್ಗೆ ಸೂಲಂಗಿಯನ್ನು ಹಾಳೆಯ ಮೇಲೆ ಅಲ್ಲಾಡಿಸಿ, ಬಿದ್ದ ಹುಡಿಯನ್ನು ಕೂದಲಿನ ಮೇಲೆ ಉದುರಿಸಿ. ತೆನೆಯ ತುದಿಯ ಕೂದಲು ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಹಾಗಾಗಿ ನಾಲ್ಕೈದು ದಿನ ಬಿಡದೆ ಮಾಡಿ.

ಮೈದುನ ಈ ವರ್ಷ ಒಂಬತ್ತು ಕುಂಡ ಇಟ್ಟಿದ್ದಾನೆ, ಮೂರು ಮೂರರಂತೆ. ನಿನ್ನೆ ಫೋನು ಮಾಡಿದ್ದ. "ವೈನಿ, ಕೆಳಗಿನ ಎಲೆ ಒಣಗ್ತಿವೆ. ತೆಗೀಲಾ?"