‘ಆರ್‌ಮದ್ರ್’ಗೂ ಆರ್ಮಿಗೂ ನಂಟಿದೆಯೇ?

ನಾರ್ವೆಯ ಹಳೆಯ ಸಾಗಾ ಕಥನಗಳ ಮಾತೆತ್ತಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ರಾಜನ ಪರವಾಗಿ ವಸೂಲಿ ಮಾಡುವ ಅಮೀನನಂಥವನನ್ನು ಅಲ್ಲಿ ‘ಆರ್‌ಮದ್ರ್’ ಎನ್ನುತ್ತಿದ್ದರಲ್ಲ, ಅದು ಆರ್ಮಿಯಿಂದ ಬಂದದ್ದೇ? ಇಲ್ಲವೇ ತೋಳು ಎಂಬರ್ಥದ ‘ಆರ್ಮ್’ನಿಂದ ಬಂದು ತೋಳ್ಬಲದವನು ಎಂದು ಅರ್ಥವೇ?”

ಎರಡೂ ಅಲ್ಲ. ಪದವನ್ನು ಒಡೆಯುವ ಜಾಗ ತಪ್ಪಿದ್ದರಿಂದ ಹುಟ್ಟಿದ ಗೊಂದಲ ಇದು. ‘ಮದ್ರ್’ ಎಂದರೆ ಮನುಷ್ಯ. ಮುಂದಿರುವ ‘ಆರ್’ ಎಂದರೆ ದೂತ, ಒಡೆಯ ಹೇಳಿದ್ದನ್ನು ಮಾಡಿ ಬರುವ ಆಳು. ಹಳೆಯ ಜರ್ಮನಿಕ್ ಭಾಷೆಯಾದ ಗಾಥಿಕ್‌ನಲ್ಲಿ ಇದರ ಒಡಹುಟ್ಟು ‘ಐರುಸ್’, ಅರ್ಥ ದೂತ. ಫಿನ್ನಿಶ್ ಭಾಷೆ ಇದೇ ಪದವನ್ನು ಬಹು ಹಿಂದೆ ಕಡ ಪಡೆದು ‘ಐರುತ್’ ಎಂದು ಇಂದಿಗೂ ಇಟ್ಟುಕೊಂಡಿದೆ.

ದೂತ ಎಂದರೆ ಗೌರವದ ಹುದ್ದೆ ಎನಿಸಬಹುದು. ನಾರ್ವೆಯ ಭೂಮಾಲೀಕರಿಗೆ ಹಾಗೆ ಅನಿಸಲಿಲ್ಲ. ಆರ್‌ಮದ್ರ್ ರಾಜನ ಜಮೀನುಗಳನ್ನು ನೋಡಿಕೊಳ್ಳುತ್ತಿದ್ದ, ರಾಜನಿಗೆ ಸಲ್ಲಬೇಕಾದದ್ದನ್ನು ವಸೂಲು ಮಾಡುತ್ತಿದ್ದ. ಕೈಯಲ್ಲಿ ಅಧಿಕಾರವಿತ್ತು, ಹಿಂದೆ ಮನೆತನವಿರಲಿಲ್ಲ. ಈ ಪದದ ನಿಜವಾದ ಅರ್ಥ ನನಗೆ ತಿಳಿದದ್ದು ನಿಘಂಟಿನಿಂದಲ್ಲ, 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೊರ್ರಿ ಬರೆದ ನಾರ್ವೆ ರಾಜರ ಸಾಗಾ ‘ಹೈಮ್ಸ್‌ಕ್ರಿಂಗ್ಲಾ’ದ ಒಂದು ಪ್ರಸಂಗದಿಂದ.

1020ರ ದಶಕ. ಉತ್ತರದಲ್ಲಿ ಬೆಳೆ ಕೈಕೊಟ್ಟಿದೆ. ದಕ್ಷಿಣದ ಧಾನ್ಯ ಉತ್ತರಕ್ಕೆ ಹೋಗಕೂಡದೆಂದು ರಾಜ ಓಲಾಫ್ ಹರಾಲ್ಡ್‌ಸನ್‌ನ ಆಜ್ಞೆ. ಉತ್ತರದ ದೊಡ್ಡ ಮನೆತನದ ಯುವಕ ಆಸ್‌ಬ್ಯೋರ್ನ್ ಸೋದರಮಾವ ಎರ್ಲಿಂಗ್‌ನ ನೆರವಿನಿಂದ ಧಾನ್ಯ ಕೊಂಡು ಹಡಗು ತುಂಬಿಸಿಕೊಂಡ. ಅವಾಲ್ಡ್ಸ್‌ನೆಸ್‌ನಲ್ಲಿದ್ದ ರಾಜನ ಆರ್‌ಮದ್ರ್ ಥೋರಿರ್ ಸೆಲ್ ಅದನ್ನು ಕಿತ್ತುಕೊಂಡ. ಅಷ್ಟಕ್ಕೇ ಬಿಡದೆ ಹಡಗಿನ ಒಳ್ಳೆಯ ಹಾಯಿಯನ್ನೂ ಬಿಚ್ಚಿಕೊಂಡು ಹಳೆಯದೊಂದನ್ನು ಕೊಟ್ಟು ಕಳುಹಿಸಿದ. ಧಾನ್ಯ ಹಿಡಿದದ್ದು ಆಜ್ಞೆ. ಹಾಯಿ ಕಿತ್ತದ್ದು ಕೊಬ್ಬು.

ಮರುವರ್ಷ ಈಸ್ಟರ್ ಹಬ್ಬದ ಊಟದಲ್ಲಿ ಆ ಹಾಯಿಯ ಕಥೆಯನ್ನೇ ರಾಜನೆದುರು ಥೋರಿರ್ ಬಣ್ಣಿಸುತ್ತಿದ್ದಾಗ, ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಆಸ್‌ಬ್ಯೋರ್ನ್ ಒಳನುಗ್ಗಿ ಅವನ ತಲೆ ಕಡಿದ. ತಲೆ ರಾಜನ ಮುಂದಿನ ಮೇಜಿನ ಮೇಲೆ ಬಿತ್ತು.

ಮರಣದಂಡನೆ ಖಚಿತವಾಗಿತ್ತು. ಆದರೆ ಎರ್ಲಿಂಗ್ ದಂಡು ಕಟ್ಟಿಕೊಂಡು ಬಂದ, ರಾಜ ಮಣಿಯಬೇಕಾಯಿತು. ಕೊನೆಗೆ ಆದ ಒಪ್ಪಂದ ನೋಡಿ: ಸತ್ತವನ ಜಾಗದಲ್ಲಿ ಆಸ್‌ಬ್ಯೋರ್ನ್‌ನೇ ಅವಾಲ್ಡ್ಸ್‌ನೆಸ್‌ನ ಆರ್‌ಮದ್ರ್ ಆಗಬೇಕು! ಜೀವ ಉಳಿಯಿತು, ಜೊತೆಗೆ ಸರ್ಕಾರಿ ಕೆಲಸವೂ ಸಿಕ್ಕಿತು ಎಂದು ನಾವಾದರೆ ಸಿಹಿ ಹಂಚುತ್ತಿದ್ದೆವು. ಊರಿಗೆ ಮರಳಿದ ಅವನಿಗೆ ತಂದೆಯ ಸಹೋದರ ಥೋರಿರ್ ಹುಂಡ್ ಛೀಮಾರಿ ಹಾಕಿದ: ರಾಜನ ಗುಲಾಮನಾಗಿ, ಆ ಸೆಲ್‌ನಂಥವನಿಗೆ ಸರಿಸಮನಾಗುತ್ತೀಯಾ? ಆಸ್‌ಬ್ಯೋರ್ನ್ ಹುದ್ದೆಗೆ ಹೋಗಲೇ ಇಲ್ಲ. ಮುಂದೆ ರಾಜನ ಕಡೆಯವನೊಬ್ಬನ ಈಟಿಗೆ ಬಲಿಯಾದ. ಅದೇ ಈಟಿಯನ್ನು ಅವನ ತಾಯಿ ಸಿಗ್ರಿಡ್ ಥೋರಿರ್ ಹುಂಡ್‌ನ ಕೈಗಿತ್ತಳು. 1030ರಲ್ಲಿ ಸ್ಟಿಕ್ಲೆಸ್ಟಾಡ್ ಕಾಳಗದಲ್ಲಿ ಓಲಾಫ್‌ನನ್ನು ಇರಿದವರಲ್ಲಿ ಥೋರಿರ್ ಹುಂಡ್ ಒಬ್ಬ.

ಮುಂದಿನ ಶತಮಾನಗಳಲ್ಲಿ ಆರ್‌ಮದ್ರ್ ಹಿಂದೆ ಸರಿದು ‘ಸಿಸೆಲ್‌ಮನ್’ ಎಂಬ ರಾಜನ ಅಧಿಕಾರಿ ಮುಂದೆ ಬಂದ. ‘ಸಿಸ್ಲಾ’ ಎಂದರೆ ಕೆಲಸ. ಅರಬ್ಬಿಯ ‘ಅಮಲ್’ ಎಂದರೂ ಕೆಲಸವೇ ಆದ್ದರಿಂದ ನಮ್ಮ ಹಳೇ ಮೈಸೂರಿನ ಅಮಲ್ದಾರ ಎಂಬುದು ಇದಕ್ಕೆ ಅಚ್ಚುಕಟ್ಟಾದ ಅನುವಾದ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಆಡಳಿತಾಧಿಕಾರಿಗೆ 2021ರವರೆಗೂ ಅದೇ ಹೆಸರಿತ್ತು. ಆ ವರ್ಷ ‘ಮನ್’ ಕೈಬಿಟ್ಟು ‘ಸಿಸೆಲ್‌ಮೆಸ್ಟರ್’ ಎಂದು ಮಾಡಿದರು. ಹಿಂದಿನ ಕಾಲದಲ್ಲಿ ಸಿಸೆಲ್‌ಮನ್‌ನ ನಂತರ ಜರ್ಮನ್ ನಾಡಿನ ಕಡೆಯಿಂದ ಬಂದ ‘ಫೂತ್’ ಇನ್ನೊಬ್ಬ ವಸೂಲಿಗಾರ. ಅದರ ಬೇರು ಲ್ಯಾಟಿನ್ನಿನ ‘ಅಡ್ವೊಕಾಟುಸ್’, ಅಂದರೆ ನಮ್ಮ ಕೋರ್ಟಿನ ಅಡ್ವೊಕೇಟರ ಖಾಸಾ ನೆಂಟ.