ತೂಕಕ್ಕೆ ಸಿಗದ ಧೂಳು

ಟೈಟಾನಿಯಂ ಡೈಆಕ್ಸೈಡಿನ ನ್ಯಾನೊ ಪುಡಿಯನ್ನು ತೂಗಿ ಚೀಲಕ್ಕೆ ತುಂಬುವ ಕೋಣೆಯ ಗಾಳಿಯನ್ನು ಪರೀಕ್ಷಿಸಲು ಹೋಗಿದ್ದ ದಿನ, ಅಲ್ಲಿನ ಕೆಲಸಗಾರರೊಬ್ಬರ ಕೊರಳಪಟ್ಟಿಗೆ ನಾನು ಗಾಳಿಯ ಧೂಳನ್ನು ಹಿಡಿದಿಡುವ ಫಿಲ್ಟರ್ ಸಿಕ್ಕಿಸುತ್ತಿದ್ದಾಗ ಅವರು, "ಇದು ಬಣ್ಣಕ್ಕೆ ಹಾಕುವ ಅದೇ ಬಿಳಿ ಪುಡಿಯಲ್ಲವೇ?" ಎಂದು ಕೇಳಿದರು. ಪದಾರ್ಥವೇನೋ ಅದೇ. ಆದರೆ 2 ಮೈಕ್ರಾನ್, ಅಂದರೆ 2000 ನ್ಯಾನೊಮೀಟರ್, ಅಗಲದ ಒಂದು ಕಣದ ತೂಕಕ್ಕೆ 20 ನ್ಯಾನೊಮೀಟರಿನ ಹತ್ತು ಲಕ್ಷ ಕಣಗಳು ಬೇಕಾಗುತ್ತವೆ, ಅವುಗಳ ಒಟ್ಟು ಮೇಲ್ಮೈ ನೂರು ಪಟ್ಟು ಹೆಚ್ಚುತ್ತದೆ, ಶ್ವಾಸಕೋಶದ ಜೀವಕೋಶಗಳಿಗೆ ತಾಗುವುದು ಆ ಮೇಲ್ಮೈಯೇ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 2011ರಲ್ಲಿ ಈ ಪುಡಿಯ ದಪ್ಪ ಕಣಗಳಿಗೆ ಪ್ರತಿ ಘನಮೀಟರ್ ಗಾಳಿಗೆ 2.4 ಮಿಲಿಗ್ರಾಂ, ಅತಿಸೂಕ್ಷ್ಮ ಕಣಗಳಿಗೆ 0.3 ಮಿಲಿಗ್ರಾಂ ಎಂದು ಬೇರೆ ಬೇರೆ ಮಿತಿಗಳನ್ನು ಶಿಫಾರಸು ಮಾಡಿತು. ಅವರಿಗೆ ಇಷ್ಟನ್ನೂ ವಿವರಿಸಿದೆ.

ತೂಕವೊಂದನ್ನೇ ನಂಬಬಾರದೆಂದು ಕಣಗಳನ್ನು ಎಣಿಸುವ ಯಂತ್ರವನ್ನೂ ಒಯ್ದಿದ್ದೆ. ಚೀಲದ ಬಾಯಿ ಬಿಚ್ಚಿದ ಕೂಡಲೇ ಎಣಿಕೆ ಹಲವು ಪಟ್ಟು ಏರಿತು. ಪುಡಿ ಗಾಳಿಗೆ ಸೇರುತ್ತಿದೆಯೆಂದು ನಾನು ಆಗಲೇ ಬರೆದುಕೊಂಡೆ. ಹಿರಿಯ ಸಹೋದ್ಯೋಗಿಯೊಬ್ಬರು ಆ ಸಾಲನ್ನು ಓದಿ, "ಚೀಲ ಬಿಚ್ಚುವ ಮೊದಲು ಖಾಲಿ ಕೋಣೆಯ ಎಣಿಕೆ ತೆಗೆದಿದ್ದೀರಾ?" ಎಂದರು. ತೆಗೆದಿರಲಿಲ್ಲ. ಕೆಲಸ ನಿಲ್ಲಿಸಿ, ಪುಡಿಯನ್ನೆಲ್ಲ ಮುಚ್ಚಿಸಿ, ಒಂದೊಂದೇ ಯಂತ್ರವನ್ನು ಚಾಲೂ ಮಾಡುತ್ತ ಹೋದಾಗ, ಚೀಲ ಬಿಚ್ಚುವಾಗಲೆಲ್ಲ ಚಾಲೂ ಮಾಡುತ್ತಿದ್ದ ವ್ಯಾಕ್ಯೂಮ್ ಕ್ಲೀನರಿನ ಮೋಟಾರೇ ಅಷ್ಟೂ ಕಣಗಳನ್ನು ಉಗುಳುತ್ತಿದೆಯೆಂಬುದು ತಿಳಿಯಿತು. ವಿದ್ಯುತ್ ಮೋಟಾರಿನ ಸವೆಯುವ ಇಂಗಾಲದ ಬ್ರಷ್‌ಗಳಿಂದ ನ್ಯಾನೊ ಗಾತ್ರದ ಕಣಗಳು ಹೊರಬೀಳುತ್ತವೆ. ಎಣಿಸುವ ಯಂತ್ರಕ್ಕೆ ಇಂಗಾಲವೂ ಒಂದೇ, ಟೈಟಾನಿಯಂ ಡೈಆಕ್ಸೈಡೂ ಒಂದೇ. ಅದನ್ನು ನಿಲ್ಲಿಸಿ ಮತ್ತೆ ಚೀಲ ಬಿಚ್ಚಿಸಿದಾಗ ಎಣಿಕೆ ಹೆಚ್ಚುಕಡಿಮೆ ಕದಲಲೇ ಇಲ್ಲ.

ಫಿಲ್ಟರಿನಲ್ಲಿ ಸಿಕ್ಕ ಧೂಳಿನ ತೂಕವೂ ಮಿತಿಯೊಳಗೇ ಬಂದಿತು. ಅಪಾಯ ಕಡಿಮೆಯೆಂದು ಬರೆದು ಮುಗಿಸಬಹುದಿತ್ತು, ಮುಗಿಸುವವನೂ ಇದ್ದೆ. ಅಷ್ಟರಲ್ಲಿ ಅದೇ ಕೆಲಸಗಾರರ ಫಿಲ್ಟರಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಕೈಸೇರಿದವು. ನೂರಾರು ನ್ಯಾನೊ ಕಣಗಳು ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡ ಮುದ್ದೆಗಳು ಅಲ್ಲಲ್ಲಿ ಕಂಡವು. ಅವುಗಳಲ್ಲಿದ್ದ ಧಾತು ಟೈಟಾನಿಯಂ ಎಂದು ಎಕ್ಸ್-ಕಿರಣದ ವಿಶ್ಲೇಷಣೆ ಹೇಳಿತು. ಇಡೀ ಗೊಂಚಲು ಎಣಿಕೆಯಲ್ಲಿ ಒಂದೇ ಕಣ, ತೂಕದಲ್ಲಿ ನಗಣ್ಯ. ಶ್ವಾಸಕೋಶದ ಆಳದಲ್ಲಿ ಅದು ಬಿಡಿಬಿಡಿಯಾಗುವುದೋ ಹಾಗೆಯೇ ಉಳಿಯುವುದೋ ಎಂಬುದನ್ನು ನನ್ನ ಯಾವ ಅಳತೆಯೂ ಹೇಳಲಾರದು.

ವರದಿಯಲ್ಲಿ "ಕಡಿಮೆ" ಎಂಬ ಪದವನ್ನು ಹೊಡೆದುಹಾಕಿದೆ. ಚೀಲದ ಬಾಯಿಯಲ್ಲೇ ಗಾಳಿಯನ್ನು ಹೀರಿಕೊಳ್ಳುವ ವ್ಯವಸ್ಥೆ ಆಗಬೇಕೆಂದೂ, ಅದಾದ ಮೇಲೆ ಖಾಲಿ ಕೋಣೆಯ ಎಣಿಕೆಯಿಂದಲೇ ಆರಂಭಿಸಿ ಎಲ್ಲವನ್ನೂ ಮರುಪರೀಕ್ಷಿಸಬೇಕೆಂದೂ ಬರೆದು ಸಹಿ ಮಾಡಿದೆ.